ಉಪ್ಪುಗಾಳಿಯೂ ಕಬ್ಬಿಣವೂ

ಸಂತೆಕಟ್ಟೆಯಲ್ಲಿ ಹೆದ್ದಾರಿಯನ್ನು ಬಿಟ್ಟು, ಕಲ್ಯಾಣಪುರ ನೇಜಾರುಗಳನ್ನು ಹಾದು ಕೆಮ್ಮಣ್ಣಿನ ಕಡೆಗೆ ಹೋಗುವ ದಾರಿಗನು, ಇಕ್ಕೆಲದ ತೆಂಗಿನ ತೋಟಗಳನ್ನೂ ಸುವರ್ಣಾ ನದಿಯ ಹಿನ್ನೀರನ್ನೂ ನೋಡಿ ಸಂತೋಷಪಡುವುದು ಸಹಜವೇ ಆದರೂ, ಒಂದಿಷ್ಟು ಲೌಕಿಕವಾದ ಕುತೂಹಲವುಳ್ಳವನಾಗಿದ್ದರೆ, ಮನೆಗಳ ಗೇಟುಗಳನ್ನೂ ಕಿಟಕಿಯ ಸರಳುಗಳನ್ನೂ ಅಂಗಳದಲ್ಲಿ ನಿಂತ ವಾಹನಗಳ ಬಾಗಿಲುಗಳ ಕೆಳಅಂಚನ್ನೂ ಗಮನಿಸುತ್ತ ಸಾಗಬೇಕು. ಪಡುವಣಕ್ಕೆ ಸರಿದಷ್ಟೂ ಬಣ್ಣದ ಕೆಳಗೆ ಗುಳ್ಳೆಗಳೇಳುತ್ತವೆ; ಹೂಡೆಯನ್ನು ದಾಟಿ, ಸೀತಾ ಸುವರ್ಣಾ ನದಿಗಳೆರಡೂ ಕಡಲನ್ನು ಕೂಡುವ ಕೋಡಿ ಬೆಂಗ್ರೆಯನ್ನು ಮುಟ್ಟುವ ಹೊತ್ತಿಗೆ, ಕಬ್ಬಿಣವೆಂಬುದು ಅಲ್ಲಿ ಕೆಲವೇ ವರ್ಷಗಳ ಅತಿಥಿಯೆಂದು ತೋರುತ್ತದೆ. ಮಣಿಪಾಲದ ಗುಡ್ಡದ ಮೇಲಿನ ಮನೆಯಲ್ಲಿ ಅದೇ ಗೇಟು ಇದಕ್ಕಿಂತ ಬಹುಕಾಲ ಬಾಳುತ್ತದೆ. ಕಾರ್ಕಳದಲ್ಲಿ ಇನ್ನೂ ಹೆಚ್ಚು. ಮಳೆಯಾದರೋ ಮೂರು ಕಡೆಯೂ ಧಾರಾಳವಾಗಿಯೇ ಸುರಿಯುತ್ತದೆ, ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ. ಆದುದರಿಂದ ಈ ತಾರತಮ್ಯಕ್ಕೆ ಮಳೆಯೊಂದೇ ಕಾರಣವಾಗಲಾರದು.

ಕಾರಣವು ಅಲೆ ಒಡೆಯುವ ಸ್ಥಳದಲ್ಲಿದೆ. ತೆರೆಯು ಮುರಿದು ನೊರೆಯಾದಾಗ ಆ ನೊರೆಯ ಅಸಂಖ್ಯ ಗುಳ್ಳೆಗಳು ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಗಾಳಿಗೆ ಚಿಮ್ಮಿಸುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಲವಣವನ್ನು ಹೊತ್ತ ಕಡಲ ನೀರಿನ ಈ ಹನಿಗಳಲ್ಲಿ ದೊಡ್ಡವು ದಡದಿಂದ ಕೆಲವು ನೂರು ಮೀಟರುಗಳೊಳಗೇ ನೆಲಕ್ಕಿಳಿಯುತ್ತವೆ. ಸಣ್ಣವು ತೇಲುತ್ತ ದೂರ ಹೋಗುತ್ತವೆ, ಆದರೆ ಅವುಗಳಲ್ಲಿರುವ ಉಪ್ಪು ಅತ್ಯಲ್ಪ. ಕೋಡಿ ಬೆಂಗ್ರೆಗೂ ಮಣಿಪಾಲಕ್ಕೂ ಇರುವ ಭೇದವು ಬಹುಮಟ್ಟಿಗೆ ಇಷ್ಟೇ.

ಈ ಉಪ್ಪು ಕಬ್ಬಿಣದ ಮೇಲೆ ಕುಳಿತು ಏನು ಮಾಡುತ್ತದೆಂಬುದನ್ನು ಅರಿಯಬೇಕಾದರೆ ಅಡಿಗೆಮನೆಯ ಉಪ್ಪಿನ ಭರಣಿಯನ್ನು ಜ್ಞಾಪಿಸಿಕೊಂಡರೆ ಸಾಕು. ಆಟಿಯ ಮಳೆಯಲ್ಲಿ ಅದು ಒಸರುತ್ತದೆ; ಯಾರೂ ನೀರು ಹಾಕದಿದ್ದರೂ ತಳದಲ್ಲಿ ನೀರು ನಿಲ್ಲುತ್ತದೆ. ಶುದ್ಧವಾದ ಸೋಡಿಯಂ ಕ್ಲೋರೈಡು ಗಾಳಿಯ ಆರ್ದ್ರತೆಯು ನೂರಕ್ಕೆ ಸುಮಾರು 75ನ್ನು ಮೀರಿದೊಡನೆ ಗಾಳಿಯಿಂದಲೇ ನೀರನ್ನೆಳೆದುಕೊಂಡು ಕರಗಿ ದ್ರವವಾಗುತ್ತದೆ. ಕಡಲ ಉಪ್ಪಿನಲ್ಲಿ ಇದರೊಡನೆ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ 33ರಷ್ಟು ಆರ್ದ್ರತೆಯೇ ಸಾಕು, ಎಂದರೆ ನಮ್ಮ ಕರಾವಳಿಯಲ್ಲಿ ಅದು ವರ್ಷದ ಬಹುಭಾಗ ಒದ್ದೆಯಾಗಿಯೇ ಇರುತ್ತದೆ. ಹೀಗಾಗಿ ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಒಣಗಿದಂತೆ ಕಾಣುವ ಗೇಟಿನ ಮೈಮೇಲೂ, ನಮಗೆ ತೋರದ ತೆಳುವಾದ ಉಪ್ಪುನೀರಿನ ಪೊರೆಯೊಂದು ಹಗಲಿರುಳೂ ಅಂಟಿಕೊಂಡಿರುವುದುಂಟು. ಕಬ್ಬಿಣವು ತುಕ್ಕು ಹಿಡಿಯಲು ಬೇಕಾದ ಆಮ್ಲಜನಕ ಮತ್ತು ನೀರುಗಳೆರಡೂ ಅಲ್ಲಿ ಸಿದ್ಧವಾಗಿವೆ. ಉಪ್ಪಾದರೋ ಆ ನೀರನ್ನು ಒಳ್ಳೆಯ ವಿದ್ಯುದ್ವಾಹಕವನ್ನಾಗಿ ಮಾಡಿ ಉಳಿದ ಕಾರ್ಯವನ್ನು ತ್ವರಿತಗೊಳಿಸುತ್ತದೆ.

ವಿದ್ಯುತ್ತಿನ ಮಾತು ಇಲ್ಲಿ ಏಕೆ ಬಂದಿತೆಂದು ಕೇಳುವವರು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಹಳೆಯ ಕತ್ತಿಯೊಂದನ್ನು ಮರಳುಕಾಗದದಿಂದ ಹೊಳೆಯುವಂತೆ ಉಜ್ಜಿ, ಸಮತಟ್ಟಾಗಿಟ್ಟು, ಅದರ ಮೇಲೆ ಉಪ್ಪುನೀರಿನ ಒಂದೇ ಒಂದು ದಪ್ಪ ಹನಿಯನ್ನು ಬಿಟ್ಟು ಗಂಟೆಗೊಮ್ಮೆ ನೋಡುತ್ತಿರಿ. ಹನಿಯ ಅಂಚಿನಲ್ಲಿ ಗಾಳಿ ಯಥೇಚ್ಛವಾಗಿ ತಾಗುವುದರಿಂದ ತುಕ್ಕು ಅಲ್ಲಿ ಮೊದಲಾಗಬೇಕೆಂಬುದು ಎಲ್ಲರ ಊಹೆ. ಆಗುವುದು ಅದಕ್ಕೆ ತೀರ ವಿರುದ್ಧ. ಅಂಚಿನ ಸುತ್ತ ಲೋಹವು ಹೊಳಪುಗೆಡದೆ ಉಳಿಯುತ್ತದೆ. ಅದರಿಂದ ಒಳಕ್ಕೆ ಕಂದುಬಣ್ಣದ ಒಂದು ಬಳೆ ಮೂಡುತ್ತದೆ. ಹನಿಯನ್ನು ಒರೆಸಿ ನೋಡಿದರೆ, ಗಾಳಿ ಅತ್ಯಂತ ಕಡಮೆಯಾಗಿ ತಲಪುವ ನಟ್ಟನಡುವೆ ಕಬ್ಬಿಣವು ಕರಗಿ ಸಣ್ಣ ಕುಳಿಯಾಗಿರುವುದು ಕಾಣುತ್ತದೆ. ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಈ ಹನಿಯನ್ನೇ ಹಿಡಿದು ಲೋಹಕ್ಷಯದ ಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿದರು. ಒಂದು ಹನಿಯೇ ಒಂದು ಪುಟ್ಟ ಬ್ಯಾಟರಿ: ಆಮ್ಲಜನಕವು ವಿಪುಲವಾಗಿರುವ ಅಂಚು ಅದರ ಒಂದು ಧ್ರುವ, ಆಮ್ಲಜನಕವಿಲ್ಲದ ನಡುಭಾಗ ಇನ್ನೊಂದು. ನಡುವಿನ ಕಬ್ಬಿಣವು ತನ್ನ ಎಲೆಕ್ಟ್ರಾನುಗಳನ್ನು ಅಂಚಿನ ಕಡೆಗೆ ಕಳುಹಿಸಿ ತಾನು ನೀರಿನಲ್ಲಿ ಕರಗುತ್ತದೆ; ಆ ಎಲೆಕ್ಟ್ರಾನುಗಳನ್ನು ಅಂಚಿನಲ್ಲಿ ಆಮ್ಲಜನಕವು ಸ್ವೀಕರಿಸುತ್ತದೆ; ಎರಡೂ ಕಡೆಯ ಉತ್ಪನ್ನಗಳು ನಡುದಾರಿಯಲ್ಲಿ ಸಂಧಿಸಿದಲ್ಲಿ ತುಕ್ಕಿನ ಬಳೆ ಕಟ್ಟುತ್ತದೆ. ತುಕ್ಕು ಕಾಣುವ ಜಾಗವೇ ಬೇರೆ, ಲೋಹ ಸವೆಯುವ ಜಾಗವೇ ಬೇರೆ.

ಕರಾವಳಿಯಲ್ಲಿ ಯಂತ್ರಗಳನ್ನು ಕಾಪಾಡಿಕೊಳ್ಳುವವರು ಅರಿತಿರಬೇಕಾದ ಸಂಗತಿಗಳಲ್ಲಿ ಮಿಕ್ಕೆಲ್ಲಕ್ಕಿಂತ ಮಿಗಿಲಾದುದು ಇದೇ ಎಂದು ನನ್ನ ಮತ. ಬಯಲಿಗೆ ಒಡ್ಡಿದ ತೇವಕ್ಕಿಂತ ಮರೆಯಲ್ಲಿ ನಿಂತ ತೇವವು ಹೆಚ್ಚು ಘಾತುಕವಾದುದು. ಆದರೆ ನಮ್ಮ ಸಾಮಾನ್ಯ ಪ್ರವೃತ್ತಿಯಾದರೋ, ಬೆಲೆಬಾಳುವ ವಸ್ತುವನ್ನು ಕಂಡೊಡನೆ ಅದನ್ನು ಮುಚ್ಚಿಡುವುದು. ಕಾರು ಕೊಂಡ ಮರುದಿನವೇ ಪ್ಲಾಸ್ಟಿಕ್ಕಿನ ಹೊದಿಕೆಯೊಂದನ್ನು ಕೊಂಡು ತರುತ್ತೇವೆ. ಹಗಲು ಪಡುಗಾಳಿಯೊಡನೆ ಬಂದ ಉಪ್ಪು ಮೈಮೇಲಿರುವಾಗಲೇ ಸಂಜೆ ಅದನ್ನು ಹೊದಿಸುತ್ತೇವೆ. ನೆಲದಿಂದೆದ್ದ ಆವಿ ಒಳಗೆ ಹನಿಗಟ್ಟುತ್ತದೆ. ಬೆಳಗಿನ ಬಿಸಿಲಿಗೆ ಆ ಹನಿಗಳು ಬೆಚ್ಚಗಾಗಿ ತಮ್ಮ ರಾಸಾಯನಿಕ ಕಾರ್ಯವನ್ನು ಇನ್ನಷ್ಟು ಉತ್ಸಾಹದಿಂದ ಮುಂದುವರಿಸುತ್ತವೆ. ಇಂಥ ಹೊದಿಕೆಗಿಂತ ನಾಲ್ಕು ಕಂಬಗಳ ಮೇಲಿನ ಮಾಡು, ಸುತ್ತಲೂ ಗಾಳಿಯಾಡುವ ಬಯಲು, ಎಷ್ಟೋ ಮೇಲು.

ಮಳೆಯನ್ನೂ ನಾವು ಅನ್ಯಾಯವಾಗಿ ದೂರುತ್ತೇವೆ. ಮಳೆಯ ನೀರಿನಲ್ಲಿ ಲವಣವು ಅತ್ಯಲ್ಪ. ಜೂನಿನಲ್ಲಿ ಮೊದಲ ಜಡಿಮಳೆ ಬಿದ್ದಾಗ, ಫೆಬ್ರವರಿಯಿಂದ ಮೇ ತನಕ ಮೆತ್ತಿಕೊಂಡ ಉಪ್ಪನ್ನು ಅದು ವಾಹನದ ಮೇಲ್ಮೈಯಿಂದ ತೊಳೆದು ಉಪಕಾರವನ್ನೇ ಮಾಡುತ್ತದೆ. ಮಳೆ ತಾಗದ ಸ್ಥಳಗಳಿಗೆ ಮಾತ್ರ ಈ ಉಪಕಾರವಿಲ್ಲ. ಚಕ್ರದ ಮೇಲಿನ ಕಮಾನಿನ ಒಳಮೈ, ಬಾಗಿಲಿನ ಕೆಳಮಡಿಕೆ, ತಳದ ಪೆಟ್ಟಿಗೆಯಂಥ ತೊಲೆಗಳ ಒಳಭಾಗ, ಜಗಲಿಯ ಸರಳಿನ ಒಳಪಕ್ಕ, ಮಾಡಿನ ತಗಡಿನ ಅಡಿಭಾಗ ಇವುಗಳ ಮೇಲೆ ಕುಳಿತ ಉಪ್ಪು ಅಲ್ಲಿಯೇ ಇದ್ದು ವರ್ಷದಿಂದ ವರ್ಷಕ್ಕೆ ಸಂಚಯವಾಗುತ್ತದೆ. ಆದುದರಿಂದ ಕಾರು ತೊಳೆಯುವುದೆಂದರೆ ಮೇಲಿನ ಬಣ್ಣವನ್ನು ಹೊಳೆಯಿಸುವುದಲ್ಲ. ಮಳೆ ತೊಳೆಯಲಾರದುದನ್ನು ತೊಳೆಯುವುದು. ಕೊಳವೆಯ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ, ಕಮಾನಿನೊಳಗೆ ಮೆತ್ತಿದ ಕೆಸರನ್ನು ಬೆರಳಿನಿಂದ ಕೆದಕಿ ತೆಗೆಯಬೇಕು, ಏಕೆಂದರೆ ಆ ಕೆಸರಿನ ಮುದ್ದೆಯ ಕೆಳಗೆ ನಡೆಯುತ್ತಿರುವುದು ಕತ್ತಿಯ ಮೇಲಿನ ಹನಿಯ ನಡುಭಾಗದಲ್ಲಿ ನಡೆದ ಕ್ರಿಯೆಯೇ. ನೀರು ಮಾತ್ರ ಸಿಹಿಯಾಗಿರಬೇಕು. ಸುವರ್ಣೆಯ ಅಳಿವೆಯ ಕುದ್ರುಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಉಬ್ಬರದ ನೀರು ಒಳನುಗ್ಗಿ ಬಾವಿಗಳು ಸವುಳಾಗುವುದುಂಟು. ಅಂಥ ನೀರಿನಲ್ಲಿ ಕಾರು ತೊಳೆಯುವುದಕ್ಕಿಂತ ತೊಳೆಯದಿರುವುದೇ ಲೇಸು. ನಾಲಗೆಗೆ ಒಂದು ತೊಟ್ಟು ತಾಗಿಸಿ ನೋಡುವುದರಲ್ಲಿ ಅವಮಾನವೇನೂ ಇಲ್ಲ.

ಬಾಗಿಲನ್ನು ತೆರೆದು ಅದರ ಕೆಳಅಂಚನ್ನು ಅಡಿಯಿಂದ ನೋಡಿದವರು ವಿರಳ. ಅಲ್ಲಿ, ಮಡಿಸಿದ ತಗಡಿನ ಸಾಲಿನಲ್ಲಿ, ಕಿರುಬೆರಳ ತುದಿಯೂ ತೂರದಂಥ ಎರಡು ಮೂರು ರಂಧ್ರಗಳಿರುತ್ತವೆ. ಗಾಜಿನ ಪಕ್ಕದಿಂದ ಬಾಗಿಲಿನೊಳಕ್ಕೆ ಇಳಿದ ಮಳೆನೀರು ಹೊರಹೋಗುವುದು ಇವುಗಳ ಮೂಲಕ. ಧೂಳು, ಹುಣಿಸೆಯ ಎಲೆ, ತೆಂಗಿನ ಹೂವಿನ ಪುಡಿ ಸೇರಿ ಇವು ಕಟ್ಟಿಕೊಂಡರೆ ಬಾಗಿಲು ಒಳಗೊಳಗೇ ತೊಟ್ಟಿಯಾಗುತ್ತದೆ. ಹೊರಗೆ ಬಣ್ಣದ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ತಗಡು ತೂತಾಗಿರುತ್ತದೆ. ತೆಂಗಿನ ಗರಿಯ ಒಂದು ಕಡ್ಡಿಯಿಂದ ವರ್ಷಕ್ಕೆರಡು ಬಾರಿ ಈ ರಂಧ್ರಗಳನ್ನು ಬಿಡಿಸುವ ಕೆಲಸಕ್ಕೆ ಯಾವ ಗ್ಯಾರೇಜಿನ ಬಿಲ್ಲೂ ಬೇಕಿಲ್ಲ. ಗಾಜೊರಸುವ ಕಡ್ಡಿಗಳ ಬುಡದಲ್ಲಿರುವ ಕಾಲುವೆಯ ಸ್ಥಿತಿಯೂ ಇದೇ. ಆಯುಧಪೂಜೆಯು ಮಳೆಗಾಲ ಮುಗಿಯುವ ಸಮಯಕ್ಕೆ ಬರುವುದು, ಯಂತ್ರಗಳನ್ನು ತೊಳೆದು ಪರೀಕ್ಷಿಸುವ ದೃಷ್ಟಿಯಿಂದ ಬಹಳ ವಿವೇಕದ ಏರ್ಪಾಡು. ಆದರೆ ಅಂದು ಏರಿಸಿದ ಸೇವಂತಿಗೆಯ ದಳಗಳು ಆ ಕಾಲುವೆಯೊಳಗೆ ಮುಂದಿನ ನವರಾತ್ರಿಯ ತನಕ ಕೊಳೆಯುತ್ತ ಬಿದ್ದಿರುವುದು ದೇವಿಗೂ ಪ್ರೀತಿಯಾಗಿರಲಾರದು.

ಕಣ್ಣಿಗೆ ಬೀಳುವ ತುಕ್ಕೆಲ್ಲವೂ ಭಯಂಕರವಲ್ಲ. ರಾತ್ರಿಯ ಮಳೆ ಕಳೆದು ಬೆಳಗ್ಗೆ ಚಕ್ರದ ಸಂದಿನಿಂದ ಇಣಿಕಿದರೆ ಬ್ರೇಕಿನ ತಟ್ಟೆಯ ಮೇಲೆ ಕಿತ್ತಳೆಬಣ್ಣ ಹರಡಿರುವುದು ಕಂಡು ಹೊಸಬರು ಗಾಬರಿಯಾಗುತ್ತಾರೆ. ನಾಲ್ಕು ಸಲ ಬ್ರೇಕು ಒತ್ತಿದರೆ ಅದು ಉಜ್ಜಿಹೋಗುತ್ತದೆ. ಹತ್ತು ಹದಿನೈದು ದಿನ ಊರಲ್ಲಿರುವುದಿಲ್ಲವೆಂದು ಕೈಬ್ರೇಕನ್ನು ಬಿಗಿಯಾಗಿ ಎಳೆದಿಟ್ಟು ಹೋದವರ ಕಾರಿನಲ್ಲಿ ಮಾತ್ರ, ಹಿಂದಿನ ಡ್ರಮ್ಮಿನೊಳಗೆ ಪಟ್ಟಿಯೂ ಲೋಹವೂ ತೇವದಲ್ಲಿ ಒತ್ತಿಕೊಂಡು ತುಕ್ಕಿನಿಂದ ಬೆಸೆದುಹೋಗುವ ಸಂಭವವಿದೆ. ಸಮತಟ್ಟಾದ ಅಂಗಳದಲ್ಲಾದರೆ ಗೇರಿನಲ್ಲಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು, ಕೈಬ್ರೇಕನ್ನು ಸಡಿಲಿಸಿ ಹೋಗುವುದು ಮೇಲು. ಬ್ರೇಕಿನ ಎಣ್ಣೆಯೂ ಗಾಳಿಯ ತೇವವನ್ನು ಹೀರುವ ಸ್ವಭಾವದ್ದೇ. ಡಾಟ್ 3 ಎಂಬ ದರ್ಜೆಯದು ಹೊಸತಾಗಿರುವಾಗ 205 ಡಿಗ್ರಿಗಿಂತ ಮೊದಲು ಕುದಿಯಬಾರದೆಂದು ನಿಯಮವಿದೆ. ನೀರನ್ನು ಹೀರಿದ ಮೇಲೆ ಅದೇ ಮಿತಿ 140ಕ್ಕಿಳಿಯುತ್ತದೆ. ಆಗುಂಬೆಯ ಘಾಟಿಯನ್ನು ಇಳಿಯುವವರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವುದು ಶೋಕಿಯ ಮಾತಲ್ಲ.

ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ನಮ್ಮಲ್ಲಿ ರೂಢಿಯಾಗಿರುವ ಇನ್ನೊಂದು ಮುಚ್ಚುವಿಕೆ. ತುಕ್ಕೆಂಬುದು ರಂಧ್ರಮಯವಾದ ವಸ್ತು; ಅದರ ರಂಧ್ರಗಳಲ್ಲಿ ಕ್ಲೋರೈಡು ಸೇರಿಕೊಂಡಿರುತ್ತದೆ; ಬಣ್ಣದ ಕೆಳಗೆ ಸೆರೆಯಾದ ಆ ಕ್ಲೋರೈಡು ಬಣ್ಣದ ಪೊರೆಯನ್ನು ದಾಟಿ ಬರುವ ಅತ್ಯಲ್ಪ ತೇವವನ್ನೂ ಹಿಡಿದಿಟ್ಟುಕೊಂಡು ತನ್ನ ಕೆಲಸ ಮುಂದುವರಿಸುತ್ತದೆ. ತಂತಿಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಅನಂತರ ರೆಡ್ ಆಕ್ಸೈಡ್ ಬಳಿಯತಕ್ಕದ್ದು. ಈ ರೆಡ್ ಆಕ್ಸೈಡ್ ಎಂಬುದು ಸ್ವತಃ ಕಬ್ಬಿಣದ ಆಕ್ಸೈಡು, ಅರ್ಥಾತ್ ತುಕ್ಕಿನ ಸಮೀಪದ ಬಂಧು. ಆಮ್ಲಜನಕದೊಡನೆ ಕೂಡಿ ತೃಪ್ತವಾದ ಪದಾರ್ಥಕ್ಕೆ ಮತ್ತೆ ತುಕ್ಕು ಹಿಡಿಯುವ ಭಯವಿಲ್ಲ. ನಮ್ಮ ಮುರಕಲ್ಲಿನ ಗೋಡೆಗಳು ಶತಮಾನಗಳ ಮಳೆಗೆ ಕೆಂಪಾಗಿಯೇ ನಿಂತಿರುವುದೂ ಇದೇ ಆಕ್ಸೈಡಿನ ಬಲದಿಂದ. ಹಸಿ ಅಡಕೆ ಸುಲಿಯುವ ಕತ್ತಿಯು ಕಪ್ಪಾಗುವುದನ್ನು ಕಾರ್ಕಳದ ಕಡೆಯವರು ಬಲ್ಲರು. ಅಡಕೆಯ ಚೊಗರಿನಲ್ಲಿರುವ ಟ್ಯಾನಿನ್ ಎಂಬ ದ್ರವ್ಯವು ಕಬ್ಬಿಣದೊಡನೆ ಕೂಡಿ ಆ ಕಪ್ಪನ್ನು ಉಂಟುಮಾಡುತ್ತದೆ, ಮತ್ತು ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸುವುದೆಂದು ಬಾಟಲಿಯಲ್ಲಿ ಮಾರುವ ಕೆಲವು ದ್ರಾವಣಗಳ ಮೂಲದ್ರವ್ಯವೂ ಟ್ಯಾನಿನ್ನೇ.

ಈ ಪ್ರಸ್ತಾಪ ಬಂದಾಗಲೆಲ್ಲ ಯಾರಾದರೊಬ್ಬರು ಕೊಡಚಾದ್ರಿಯ ಕಬ್ಬಿಣದ ಕಂಬವನ್ನೋ ದೆಹಲಿಯ ಕಂಬವನ್ನೋ ಉದಾಹರಿಸಿ, ಹಿಂದಿನವರ ಲೋಹವಿದ್ಯೆಯ ಮುಂದೆ ಇಂದಿನದು ಯಾವ ಲೆಕ್ಕ ಎನ್ನುವುದುಂಟು. ಆ ಕುಶಲತೆಗೆ ನಮಸ್ಕಾರ ಸಲ್ಲಬೇಕಾದುದೇ. ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದು ಲೋಹದ ಮೇಲೆ ರಕ್ಷಕವಾದ ಪೊರೆಯೊಂದನ್ನು ಕಟ್ಟಲು ಸಹಾಯಕವಾಯಿತೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ವಿಶದೀಕರಿಸಿದ್ದಾರೆ. ಆದರೆ ಅದೇ ಕಂಬದ, ನೆಲದೊಳಗೆ ಹೂತು ತೇವದಲ್ಲಿದ್ದ ಭಾಗಕ್ಕೆ ತುಕ್ಕಿನ ಹೊಪ್ಪಳೆ ಕಟ್ಟಿರುವುದೂ ಕಂಡುಬಂದಿದೆ. ನೆಟ್ಟಗೆ ನಿಂತ, ಕೀಲಿಲ್ಲದ, ಮಡಿಕೆಯಿಲ್ಲದ, ನೀರು ಜಾರಿ ಗಾಳಿಗೆ ಒಣಗುವ ಆಕಾರದ ಪುಣ್ಯವನ್ನು ನಾವು ಮರೆಯಬಾರದು. ಕೆಮ್ಮಣ್ಣಿನಿಂದ ತಿಮ್ಮಣ್ಣಕುದ್ರುವಿಗೆ ಹೋಗುವ ತೂಗುಸೇತುವೆಯಂಥ ರಚನೆಯಲ್ಲಿ ಈ ಸೌಕರ್ಯವಿಲ್ಲ. ಹತ್ತಾರು ತಂತಿಗಳನ್ನು ಹೊಸೆದ ಉಕ್ಕಿನ ಹಗ್ಗಕ್ಕೆ ಒಳಸಂದುಗಳೇ ಹೆಚ್ಚು, ಆದುದರಿಂದ ಅಂಥ ಹಗ್ಗಗಳನ್ನು ಪರೀಕ್ಷಿಸುವವರು ಹೊರಮೈಗಿಂತ ಹಿಡಿಕೆಗಳು ಕಚ್ಚಿದ ಸ್ಥಳಗಳನ್ನು ನೋಡುತ್ತಾರೆ, ಗ್ರೀಸನ್ನು ಎಳೆಗಳ ನಡುವೆ ಇಳಿಯುವಂತೆ ತುಂಬುತ್ತಾರೆ.

ಅಡಿಗೆಮನೆಯಲ್ಲಿ ನಮ್ಮ ಹೆಂಗಸರು ಈ ಶಾಸ್ತ್ರವನ್ನು ಹೆಸರಿಲ್ಲದೆಯೇ ಆಚರಿಸುತ್ತ ಬಂದಿದ್ದಾರೆ. ಕಬ್ಬಿಣದ ದೋಸೆಕಾವಲಿಯು ಸೋಪು ಕಾಣದೆ, ಎಣ್ಣೆಯಲ್ಲದ್ದಿದ ನೀರುಳ್ಳಿಯ ಹೋಳಿನಿಂದ ಉಜ್ಜಿಸಿಕೊಳ್ಳುತ್ತ ಕಪ್ಪು ಕನ್ನಡಿಯಂತಾಗುವುದು, ಕಾಯುವ ಲೋಹದ ಮೇಲೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದು ಗಟ್ಟಿ ಪೊರೆಯಾಗುವುದರಿಂದ. ಎಲ್ಲ ಎಣ್ಣೆಯೂ ಸಮನಾಗಿ ಹೆಣೆಯುವುದಿಲ್ಲ. ಅಗಸೆಯ ಎಣ್ಣೆ ಬಹಳ ಸುಲಭವಾಗಿ, ಎಳ್ಳೆಣ್ಣೆ ಮಧ್ಯಮವಾಗಿ, ನಮ್ಮ ತೆಂಗಿನೆಣ್ಣೆ ತೀರ ಕಷ್ಟದಿಂದ ಹೆಣೆಯುತ್ತದೆ. ಆದುದರಿಂದ ಹೊಸ ಕಾವಲಿಯನ್ನು ಪಳಗಿಸುವಾಗ ಎಳ್ಳೆಣ್ಣೆಯೇ ಉತ್ತಮ. ಮೆಟ್ಟುಕತ್ತಿಗೆ, ಹಾರೆಗೆ, ಪಿಕ್ಕಾಸಿಗೆ ತೆಂಗಿನೆಣ್ಣೆ ಸವರಿಡುವವರು ಅದು ಗಟ್ಟಿಯಾಗದೆ ಹಳಸುತ್ತದೆಂಬುದನ್ನೂ, ಹಳಸಿದ ಎಣ್ಣೆಯಲ್ಲಿ ಆಮ್ಲವಿರುವುದೆಂಬುದನ್ನೂ ನೆನಪಿನಲ್ಲಿಟ್ಟು, ಮಳೆಗಾಲದಲ್ಲಿ ಆಗಾಗ ಒರೆಸಿ ಹೊಸತಾಗಿ ಸವರಬೇಕು. ತೋಟದ ಹತ್ಯಾರುಗಳಿಗಾದರೆ ಗ್ರೀಸೇ ವಾಸಿ.

ತುಕ್ಕನ್ನು ತಡೆಯುವ ಉಪಾಯಗಳಲ್ಲಿ ನನಗೆ ಅತ್ಯಂತ ರಮ್ಯವೆನಿಸುವುದು ಬಲಿಯ ಉಪಾಯ. 1824ರಲ್ಲಿ ಹಂಫ್ರಿ ಡೇವಿ ಎಂಬ ಇಂಗ್ಲಿಷ್ ರಸಾಯನಜ್ಞನು, ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರವು ಕಡಲಿನಲ್ಲಿ ಸವೆಯುವುದನ್ನು ನಿಲ್ಲಿಸಲು, ಅದಕ್ಕೆ ಕಬ್ಬಿಣದ ಅಥವಾ ಸತುವಿನ ತುಂಡುಗಳನ್ನು ಜೋಡಿಸಬೇಕೆಂದು ಸೂಚಿಸಿದನು. ಹೆಚ್ಚು ಚಟುವಟಿಕೆಯ ಆ ಲೋಹವು ತಾನು ಕರಗಿ ತಾಮ್ರವನ್ನುಳಿಸಿತು. ಪ್ರಯೋಗವು ಪೂರ್ಣ ಯಶಸ್ವಿಯಾಯಿತು, ಅದರಿಂದಲೇ ಸೋತಿತು. ತಾಮ್ರ ಕರಗುವುದು ನಿಂತೊಡನೆ ಅದರ ವಿಷದ ಭಯವೂ ಇಲ್ಲವಾಗಿ, ಚಿಪ್ಪುಜೀವಿಗಳೂ ಪಾಚಿಯೂ ಹಡಗಿನ ತಳಕ್ಕೆ ಮೆತ್ತಿಕೊಂಡು ವೇಗವನ್ನು ಕುಗ್ಗಿಸಿದವು. ತತ್ತ್ವ ಮಾತ್ರ ಉಳಿಯಿತು. ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಡುವ ವಿಧಾನಕ್ಕೆ 1837ರಲ್ಲಿ ಫ್ರಾನ್ಸಿನ ಸೊರೆಲ್ ಹಕ್ಕುಪತ್ರ ಪಡೆದನು. ಇಂದು ನಾವು ಜಿ.ಐ. ಎಂದು ಕರೆಯುವ ಪೈಪು, ತಗಡುಗಳು ಅದರ ಸಂತಾನ. ಮಲ್ಪೆಯ ಬಂದರಿನಲ್ಲಿ ದಡಕ್ಕೇರಿಸಿದ ಉಕ್ಕಿನ ದೋಣಿಯ ತಳದಲ್ಲಿ, ಚುಕ್ಕಾಣಿಯ ಬಳಿ, ಬೂದುಬಣ್ಣದ ಸತುವಿನ ಗಟ್ಟಿಗಳು ಕಂಡರೆ ಅವೂ ಈ ಬಲಿಪಶುಗಳೇ. ಸ್ನಾನದ ಮನೆಯ ಗೀಸರಿನ ತೊಟ್ಟಿಯೊಳಗೂ ಬಹುಮಟ್ಟಿಗೆ ಇಂಥದೊಂದು ಮೆಗ್ನೀಸಿಯಂ ಕಂಬಿ ಇಳಿಬಿಟ್ಟಿರುತ್ತದೆ. ಅದು ಸವೆದು ಮುಗಿದ ಮೇಲೆ ತೊಟ್ಟಿಯ ಸರದಿ. ಸವುಳುನೀರಿನ ಮನೆಗಳಲ್ಲಿ ಅದನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ ಬದಲಾಯಿಸಿದರೆ, ಅಲ್ಪ ಬೆಲೆಗೆ ಗೀಸರಿನ ಆಯುಷ್ಯ ಹೆಚ್ಚುತ್ತದೆ.

ತೋಟದ ಯಂತ್ರಗಳಿಗೆ ಪ್ರಾಣಾಂತಿಕವಾದುದು ದುಡಿಮೆಗಿಂತ ಹೆಚ್ಚಾಗಿ ಬಿಡುವು. ಜೂನಿನಿಂದ ನವೆಂಬರಿನ ತನಕ ನೀರು ಹಾಯಿಸುವ ಅಗತ್ಯವಿಲ್ಲದೆ ಪಂಪುಸೆಟ್ಟು ಸುಮ್ಮನೆ ಕುಳಿತಿರುತ್ತದೆ. ಒಳಗಿನ ಎರಕದ ಕಬ್ಬಿಣದ ಚಕ್ರಕ್ಕೂ ಅದರ ಗೂಡಿಗೂ ನಡುವಿನ ಸಣ್ಣ ಸಂದಿನಲ್ಲಿ ತುಕ್ಕು ಬೆಳೆಯುತ್ತದೆ, ಮತ್ತು ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಚಕ್ರವು ಕಚ್ಚಿಕೊಳ್ಳುತ್ತದೆ. (ಅಳಿವೆಯ ಉಪ್ಪು ಹೊಯಿಗೆಯಿಂದ ಕಟ್ಟಿದ ಮನೆಗಳ ತಾರಸಿ ಬಿರಿದು ಸರಳು ಹೊರಗಿಣುಕುವುದಕ್ಕೂ ಈ ಉಬ್ಬುವಿಕೆಯೇ ಕಾರಣ.) ಡಿಸೆಂಬರಿನಲ್ಲಿ ಸ್ವಿಚ್ಚು ಹಾಕಿದಾಗ ಮೋಟಾರು ತಿರುಗಲಾರದೆ ಗುಂಯ್‌ಗುಟ್ಟುತ್ತದೆ, ಆ ಕ್ಷಣವೇ ನಿಲ್ಲಿಸದಿದ್ದರೆ ಸುರುಳಿ ಸುಟ್ಟುಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಐದು ನಿಮಿಷ ನೀರೆತ್ತಿಸಿದರೆ ಇದಕ್ಕೆ ಆಸ್ಪದವಿಲ್ಲ. ಅದೇ ಹೊತ್ತಿನಲ್ಲಿ ಅರ್ಥಿಂಗಿನ ಪೈಪಿಗೆ ತಂತಿ ಸೇರುವ ನಟ್ಟನ್ನೂ ನೋಡತಕ್ಕದ್ದು. ಗುಂಡಿಯಲ್ಲಿ ಇದ್ದಲಿನೊಡನೆ ಹಾಕುವ ಉಪ್ಪು ನೆಲದ ವಾಹಕತೆಯನ್ನು ಹೆಚ್ಚಿಸುವಂತೆಯೇ ಪೈಪನ್ನೂ ತಿನ್ನುತ್ತದೆ, ಮತ್ತು ಅಲ್ಲಿನ ತುಕ್ಕು ಯಂತ್ರಕ್ಕಲ್ಲ, ಮುಟ್ಟಿದವನ ಪ್ರಾಣಕ್ಕೆ ಅಪಾಯ. ಹುಲ್ಲು ಕೊಚ್ಚುವ ಬ್ರಷ್ ಕಟರಿನದು ಇನ್ನೊಂದು ಕಥೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಕೂಡಿ ಬೇರ್ಪಟ್ಟು ತಳಕ್ಕಿಳಿದು ಕಾರ್ಬ್ಯುರೇಟರಿನ ಹಗುರಲೋಹವನ್ನು ತಿನ್ನುತ್ತವೆ. ತಿಂಗಳುಗಟ್ಟಲೆ ಮೂಲೆಗಿಡುವ ಮುನ್ನ ತೊಟ್ಟಿಯನ್ನು ಬರಿದುಮಾಡಿ, ಉಳಿದ ಪೆಟ್ರೋಲು ತೀರಿ ತಾನಾಗಿ ನಿಲ್ಲುವ ತನಕ ಓಡಿಸಿ, ಪ್ಲಗ್ಗನ್ನು ಬಿಚ್ಚಿ ಎರಡು ಹನಿ ಎಂಜಿನ್ ಎಣ್ಣೆ ಬಿಟ್ಟು ಹಗ್ಗವನ್ನು ಮೆಲ್ಲಗೆ ಒಂದೆರಡು ಸಲ ಎಳೆದಿಡಬೇಕು.

ಕಾರ್ಕಳದ ಅಡಕೆ ತೋಟಗಳಲ್ಲಿ ಲೋಹದ ಕ್ಷಯವೇ ಒಂದು ಉಪಕರಣವಾಗಿ ಉಪಯೋಗಕ್ಕೆ ಬಂದಿದೆ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗಾಗಿ ಪ್ರಕಟಿಸಿದ ಬೋರ್ಡೋ ಮಿಶ್ರಣವನ್ನು ಅಡಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ಬಳಕೆಗೆ ತಂದವರು, 1910ರಲ್ಲಿ ಆ ರೋಗದ ಅಧ್ಯಯನವನ್ನು ಪ್ರಕಟಿಸಿದ, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬುದು ಅದರ ಪ್ರಮಾಣ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು, ಏಕೆಂದರೆ ಅದರೊಳಗಿನ ತಾಮ್ರವು ಕಬ್ಬಿಣದ ಮೇಲೆ ಕುಳಿತು ಕಬ್ಬಿಣವನ್ನು ನೀರಿಗಿಳಿಸುತ್ತದೆ. ಮಿಶ್ರಣ ಸಿದ್ಧವಾದ ಮೇಲೆ ಬೆಳೆಗಾರನು ಚೊಕ್ಕಟವಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಮೂಡಿದರೆ ಸುಣ್ಣ ಸಾಲದು, ಮಿಶ್ರಣವು ಸೋಗೆಯನ್ನೂ ಕಾಯನ್ನೂ ಸುಟ್ಟೀತು ಎಂದು ಅರ್ಥಮಾಡಿಕೊಂಡು ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸುತ್ತಾನೆ. ಕೆಲಸ ಮುಗಿದ ಸಂಜೆ ಸಿಂಪಡಿಸುವ ಪಂಪಿನಲ್ಲಿ ಎರಡು ಮೂರು ಸಲ ಬರಿಯ ನೀರನ್ನು ಹಾಯಿಸಿ ಮೂತಿಯನ್ನು ಬಿಚ್ಚಿ ತೊಳೆಯುವುದು ಎಲ್ಲರಿಗೂ ಗೊತ್ತಿರುವುದೇ. ಪರೀಕ್ಷೆಗೆ ಬಳಸಿದ ಕತ್ತಿಯನ್ನು ಮಾತ್ರ ಹಾಗೆಯೇ ಬೇಲಿಗೆ ಸಿಕ್ಕಿಸಿ ಹೋಗುತ್ತಾರೆ. ಅದಕ್ಕಂಟಿದ ತಾಮ್ರದ ಕಲೆಯು ಸುತ್ತಲಿನ ಕಬ್ಬಿಣದೊಡನೆ ಹನಿಹನಿ ಮಳೆಯಲ್ಲೂ ಬ್ಯಾಟರಿ ಕಟ್ಟುವುದರಿಂದ, ಕೆಂಪು ಪೂರ್ತಿ ಹೋಗುವಂತೆ ಹೊಯಿಗೆಯಲ್ಲಿ ತಿಕ್ಕಿ, ಒರೆಸಿ, ಗ್ರೀಸು ಸವರಿಡುವುದು ಅಂದೇ ಆಗಬೇಕಾದ ಕೆಲಸ.